ಸಿನಿಮಾ ಪದವಿಗೆ ಪಾಠ ಹೇಳುವವರು: ವಿದ್ವಾಂಸರು, ನಿರ್ದೇಶಕರು ಮತ್ತು ತರಗತಿಯ ಮಾತು

ಧ್ವನಿ ಸರಿಯಾಗಿ ಕೇಳಸ್ತದ ಅಂತ ತಿಳಕೊಂಡು ಶುರು ಮಾಡತೀನಿ. ನಾನು ಮಾತಾಡುತ್ತಿರುವುದು ಸೊಲ್ಲಾಪುರದ ವಿಜಾಪುರ ರಸ್ತೆಯಿಂದ. ಇಲ್ಲಿ ಎಷ್ಟೋ ಮನೆಗಳಲ್ಲಿ ಕನ್ನಡ, ಬಾಗಿಲು ದಾಟಿದರೆ ಮರಾಠಿ, ಪದವಿಯ ಪಠ್ಯಪುಸ್ತಕ ತೆರೆದರೆ ಇಂಗ್ಲಿಷ್. ಅಕ್ಕಲಕೋಟ ತಾಲೂಕಿನ ಕನ್ನಡ ಶಾಲೆಯಿಂದ ಬಂದ ಹುಡುಗ ಅಥವಾ ಹುಡುಗಿ ಸಿನಿಮಾ ಕಲಿಯಬೇಕು ಅಂದರೆ ಈ ಮೂರನ್ನೂ ಹೊತ್ತುಕೊಂಡೇ ತರಗತಿಗೆ ಬರಬೇಕು. ಆ ವಿದ್ಯಾರ್ಥಿಯನ್ನು ಎದುರಿಗಿಟ್ಟುಕೊಂಡು ಈ ಪ್ರಬಂಧ ಓದುತ್ತೇನೆ.

ನಮ್ಮ ವಿಚಾರಗೋಷ್ಠಿಗಳಲ್ಲಿ ಪದೇ ಪದೇ ಬರುವ ಪ್ರಶ್ನೆ ಒಂದಿದೆ. ಸಿನಿಮಾ ಪದವಿಗೆ ಯಾರು ಪಾಠ ಹೇಳಬೇಕು, ಸಂಶೋಧನೆ ಮಾಡಿದವರೋ, ಚಿತ್ರ ತೆಗೆದವರೋ? ಈ ಪ್ರಶ್ನೆಯ ತವರು ನೇಮಕಾತಿಯ ಕಚೇರಿ ಅಂತ ನನ್ನ ವಾದ. ಕಾಯಂ ಅಧ್ಯಾಪಕರಾಗಲು ನೆಟ್ ಅಥವಾ ಪಿಎಚ್‌ಡಿ ಬೇಕು. ಚಿತ್ರ ತೆಗೆದವರಿಗಾಗಿ ಯುಜಿಸಿ 2022ರಲ್ಲಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂಬ ಇನ್ನೊಂದು ಬಾಗಿಲು ತೆರೆಯಿತು. ಪದವಿಯ ಹಂಗಿಲ್ಲ, ಆದರೆ ಕನಿಷ್ಠ 15 ವರ್ಷದ ಅನುಭವ ಇರಬೇಕು. ಇಂಥ ಹುದ್ದೆಗಳು ಮಂಜೂರಾದವುಗಳ ಶೇ. 10ನ್ನು ಮೀರಬಾರದು. ಎಷ್ಟೇ ವಿಸ್ತರಿಸಿದರೂ ಒಟ್ಟು 4 ವರ್ಷ. ಬಾಗಿಲು ತೆರೆದದ್ದು ಒಳ್ಳೆಯದೇ. ಆದರೆ ಒಳಗೆ ಬಂದವರು ಬೀಗರಂತೆ ಬಂದು ಹೋಗುತ್ತಾರೆ. ‘ಥಿಯರಿ’ ಒಬ್ಬರ ಪಾಲಿಗೆ, ಕ್ಯಾಮೆರಾ ಮತ್ತೊಬ್ಬರ ಪಾಲಿಗೆ. ಎರಡನ್ನೂ ಹೊಲಿದು ಒಂದು ಮಾಡುವ ಕೆಲಸ ಮಾತ್ರ ಇಪ್ಪತ್ತು ವರ್ಷದ ವಿದ್ಯಾರ್ಥಿಯ ಪಾಲಿಗೆ.

ಇತಿಹಾಸ ಈ ವಿಂಗಡಣೆಗೆ ಒಪ್ಪುವುದಿಲ್ಲ. ಪುಣೆಯಲ್ಲಿ ಪ್ರಭಾತ್ ಸ್ಟುಡಿಯೋ ಇದ್ದ ಜಾಗದಲ್ಲಿ 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ಅಲ್ಲಿಯ ಮೂವರನ್ನು ನೋಡೋಣ. ಸತೀಶ್ ಬಹಾದೂರ್ ಚಿತ್ರ ತೆಗೆದು ಹೆಸರು ಮಾಡಿದವರಲ್ಲ. ಆಗ್ರಾದಲ್ಲಿ ಅಧ್ಯಾಪಕರಾಗಿದ್ದು, ಫಿಲ್ಮ್ ಸೊಸೈಟಿ ನಡೆಸಿ ಬಂದವರು. ‘ಪಥೇರ್ ಪಾಂಚಾಲಿ’ಯನ್ನು ದೃಶ್ಯ ದೃಶ್ಯವಾಗಿ ಬಿಡಿಸಿ ತೋರಿಸುವುದು ಅವರ ಕ್ರಮ. ಋತ್ವಿಕ್ ಘಟಕ್ ಪೂರಾ ನಿರ್ದೇಶಕ. 1965ರ ಸುಮಾರಿಗೆ ಅವರು ಅಲ್ಲಿದ್ದದ್ದು ಸ್ವಲ್ಪ ಕಾಲ. ಮಣಿ ಕೌಲ್, ಕುಮಾರ್ ಶಹಾನಿ, ಜಾನ್ ಅಬ್ರಹಾಂ ಅವರ ಶಿಷ್ಯರು. ಗಿರೀಶ ಕಾರ್ನಾಡರು 1974ರಲ್ಲಿ ನಿರ್ದೇಶಕ ಹುದ್ದೆಗೆ ಬಂದಾಗ ‘ಕಾಡು’ ತೆಗೆದಾಗಿತ್ತು. ಓದಿದ್ದು ಧಾರವಾಡದಲ್ಲಿ ಗಣಿತ, ಆಕ್ಸ್‌ಫರ್ಡ್‌ನಲ್ಲಿ ತತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ. ಇವತ್ತಿನ ಅರ್ಜಿ ನಮೂನೆ ಕೊಟ್ಟು ‘ನೀವು ಯಾವ ಕಾಲಂ?’ ಅಂತ ಕೇಳಿದರೆ ಮೂವರೂ ತಬ್ಬಿಬ್ಬಾಗುತ್ತಿದ್ದರು.

ಹಾಗಂತ ಪುಣೆಯನ್ನು ದೇವರಕೋಣೆ ಮಾಡಿ ಆರತಿ ಎತ್ತುವುದು ಬೇಡ. ಘಟಕರ ಬಗ್ಗೆ ನಮ್ಮಲ್ಲಿ ದಂತಕತೆಗಳು ಬೇಕಾದಷ್ಟಿವೆ, ಅವರ ಪಾಠದ ವಿಧಾನ ಕುರಿತ ಚರ್ಚೆ ಬಹಳ ಕಡಿಮೆ. ಜೊತೆಗೆ, ದೇಶಕ್ಕೆಲ್ಲ ಸೇರಿ ಇದ್ದ ಕೆಲವೇ ಸೀಟುಗಳಿಗೆ ಆಯ್ಕೆಯಾಗಿ ಹೋದವರ ಕಥೆ ಅದು. ಆಯ್ಕೆಯಾಗದೆ ಊರಲ್ಲೇ ಉಳಿದವರಿಗೆ ಯಾರು ಕಲಿಸಬೇಕು?

ಆ ಪ್ರಶ್ನೆಗೆ ಕನ್ನಡದಲ್ಲಿ ಒಂದು ಉತ್ತರ ಇದೆ: ಹೆಗ್ಗೋಡು. 1973ರಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಂ ಚಿತ್ರಸಮಾಜ ಕಟ್ಟಿದರು. ಅದೇ ಬಹಾದೂರ್ ಅಲ್ಲಿಗೂ ಬಂದು ರಸಗ್ರಹಣದ ಪಾಠ ಹೇಳಿದರು. ಅಡಿಕೆ ಸುಲಿಯುವ ಊರಿನ ಜನ ‘ಬೈಸಿಕಲ್ ಥೀವ್ಸ್’ ನೋಡಿದರು, ಅದರ ಬಗ್ಗೆ ತಮ್ಮ ಮಾತಿನಲ್ಲಿ ಮಾತಾಡಿದರು. ಹೆಗ್ಗೋಡು ಬೆಳೆಸಿದ್ದು ಮುಖ್ಯವಾಗಿ ನೋಡುಗರನ್ನು. ಕ್ಯಾಮೆರಾ ಕಲಿಸುವ ಶಾಲೆ ಅದಾಗಿರಲಿಲ್ಲ. ಆದರೂ ದೊಡ್ಡ ಚಿತ್ರವನ್ನು ಸಣ್ಣ ಊರಿನ ಮಾತಿನಲ್ಲಿ ವಿಮರ್ಶೆ ಮಾಡಬಹುದು ಎಂಬುದನ್ನು ಅದು ಮಾಡಿ ತೋರಿಸಿತು.

ಈಗ ನಮ್ಮ ಜಿಲ್ಲೆಗೇ ಬರುತ್ತೇನೆ. ನಾಗರಾಜ ಮಂಜುಳೆ ಸೊಲ್ಲಾಪುರ ಜಿಲ್ಲೆಯ ಕರಮಾಳಾ ತಾಲೂಕಿನ ಜೇವೂರಿನವರು. ಅಹ್ಮದ್‌ನಗರದ (ಈಗಿನ ಅಹಿಲ್ಯಾನಗರ) ಕಾಲೇಜೊಂದರಲ್ಲಿ ಸಂವಹನ ಅಧ್ಯಯನ ಓದುವಾಗ ವಿದ್ಯಾರ್ಥಿಯಾಗಿ ‘ಪಿಸ್ತುಲ್ಯಾ’ ಎಂಬ ಕಿರುಚಿತ್ರ ಮಾಡಿದರು. ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಆಮೇಲೆ 2013ರಲ್ಲಿ ‘ಫಂಡ್ರಿ’. ಜಿಲ್ಲಾ ಮಟ್ಟದ ಪದವಿ ಏನು ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಪುರಾವೆ ನಮಗೆ ಬೇಕಿಲ್ಲ.

‘ಫಂಡ್ರಿ’ಯನ್ನೇ ಪಾಠವಾಗಿ ಇಟ್ಟುಕೊಳ್ಳೋಣ. ಕೊನೆಯಲ್ಲಿ ಜಬ್ಯಾ ಎಸೆದ ಕಲ್ಲು ನೇರ ನಮ್ಮ ಕಡೆ ಬರುತ್ತದೆ, ಪರದೆ ಕಪ್ಪಾಗುತ್ತದೆ. ನಿರ್ದೇಶಕರಾದ ಶಿಕ್ಷಕರು ಕೇಳುವುದು: ಕ್ಯಾಮೆರಾ ಎಲ್ಲಿ ನಿಂತಿದೆ, ಅಲ್ಲಿ ಕೂತವರು ಯಾರು? ವಿದ್ವಾಂಸರು ಅದಕ್ಕೂ ಮೊದಲಿನ ಒಂದು ದೃಶ್ಯ ತೋರಿಸುತ್ತಾರೆ: ಸತ್ತ ಹಂದಿಯನ್ನು ಹೊತ್ತ ಕುಟುಂಬ ಅಂಬೇಡ್ಕರ್, ಸಾವಿತ್ರಿಬಾಯಿ ಫುಲೆಯವರ ಚಿತ್ರವಿರುವ ಗೋಡೆಯ ಮುಂದೆ ಹಾದುಹೋಗುತ್ತದೆ. ಎರಡೂ ಬೇಕಾದ ಪಾಠಗಳೇ.

ಆದರೆ ಚಿತ್ರದ ಹೆಸರು? ಫಂಡ್ರಿ ಅಂದ್ರ ಕೈಕಾಡಿ ಮಾತಿನಾಗ ಹಂದಿ. ಕೈಕಾಡಿ ದ್ರಾವಿಡ ಭಾಷೆ. ಹಳಗನ್ನಡದ ‘ಪಂದಿ’, ತಮಿಳಿನ ‘ಪನ್ಱಿ’, ಕೈಕಾಡಿಯ ‘ಫಂಡ್ರಿ’ ಒಂದೇ ಬಳಗದವು. ಮರಾಠಿ ಪ್ರೇಕ್ಷಕರಿಗೆ ವಿವರಿಸಿ ಹೇಳಬೇಕಾದ ಈ ಶಬ್ದ ಅಕ್ಕಲಕೋಟದ ಕನ್ನಡ ಕಿವಿಗೆ ತಾನಾಗೇ ತಾಗುತ್ತದೆ. ಇಲ್ಲಿ ತರಗತಿಯ ಕೊನೆಯ ಬೆಂಚಿನವನ ಹತ್ತಿರ ಶಿಕ್ಷಕರಿಗೂ ಇಲ್ಲದ ಒಂದು ತಿಳಿವಳಿಕೆ ಇದೆ. ಶಿಕ್ಷಕರು ಕೇಳಿದರೆ ಮಾತ್ರ ಅದು ಹೊರಗೆ ಬರುತ್ತದೆ.

ಅಲ್ಲಿಗೇ ನಿಂತರೆ ಅಪಾಯವೂ ಉಂಟು. ಶಬ್ದ ಬಳಗದ್ದಾದ ಮಾತ್ರಕ್ಕೆ ನೋವೂ ನಮ್ಮದೇ ಅಂತ ಹೇಳಿಕೊಳ್ಳಲಾಗದು. ಜಬ್ಯಾನ ಮನೆಯ ಮಾತು ಊರ ಹುಡುಗರ ಬಾಯಲ್ಲಿ ಅವನನ್ನೇ ಹೀಯಾಳಿಸುವ ಬೈಗುಳವಾಗುತ್ತದೆ. ನಮ್ಮ ಕನ್ನಡ ಓಣಿಗಳಲ್ಲಿ ಆ ಬೈಗುಳ ಇಲ್ಲವೇನು? ಭಾಷೆಯ ನಂಟಿನ ಖುಷಿಯಲ್ಲಿ ಜಾತಿಯ ಗೋಡೆ ಮರೆಯುವವರನ್ನು ತಡೆದು ನಿಲ್ಲಿಸಲು ವಿದ್ವಾಂಸರು ಬೇಕು. ‘ಸರಿ, ಆ ಅವಮಾನವನ್ನು ನೀನು ಯಾವ ಶಾಟಿನಲ್ಲಿ ಹಿಡೀತಿ?’ ಅಂತ ಕೇಳಲು ಚಿತ್ರ ತೆಗೆದವರು ಬೇಕು. ಇಬ್ಬರೂ ಒಂದೇ ಗಂಟೆಯಲ್ಲಿ, ಒಂದೇ ಕೋಣೆಯಲ್ಲಿ ಬೇಕು. ಸೋಮವಾರ ಒಬ್ಬರು, ಶನಿವಾರ ಇನ್ನೊಬ್ಬರು ಬಂದರೆ ಈ ಪಾಠ ಆಗುವುದಿಲ್ಲ.

ಚಾಟ್‌ನಲ್ಲಿ ಒಬ್ಬ ಮೇಡಂ ಕೇಳಿದ್ದಾರೆ: ಸಿನಿಮಾ ದೃಶ್ಯದ ಭಾಷೆ, ಅದಕ್ಕೆ ಕನ್ನಡ-ಮರಾಠಿಯ ಹಂಗ್ಯಾಕೆ? ಒಳ್ಳೆ ಪ್ರಶ್ನೆ, ಮೇಡಂ. ಶಾಟ್, ಕಟ್, ಲೆನ್ಸ್ ಇವಕ್ಕೆ ಕನ್ನಡ ಪದ ಹುಡುಕಿ ಅಂತ ನಾನು ಹೇಳುತ್ತಿಲ್ಲ. ಅವು ಆಗಲೇ ನಮ್ಮ ಪದಗಳಾಗಿವೆ. ಆದರೆ ‘ಇಲ್ಲಿ ಯಾಕೆ ಕಟ್ ಮಾಡಿದಿ?’ ಎಂಬುದಕ್ಕೆ ಒಂದು ಪೂರ್ತಿ ವಾಕ್ಯದ ಉತ್ತರ ಬೇಕು. ಬಾರದ ಭಾಷೆಯಲ್ಲಿ ಆ ವಾಕ್ಯ ಕೇಳಿದರೆ ವಿದ್ಯಾರ್ಥಿ ಪುಸ್ತಕದಿಂದ ಬಾಯಿಪಾಠ ಮಾಡಿದ್ದನ್ನು ಒಪ್ಪಿಸುತ್ತಾನೆ. ತನ್ನ ಭಾಷೆಯಲ್ಲಿ ಕೇಳಿದರೆ ತಡವರಿಸಿಯಾದರೂ ತನ್ನ ಕಾರಣ ಹೇಳುತ್ತಾನೆ.

ಇನ್ನೊಬ್ಬ ಸರ್ ಕೇಳುತ್ತಾರೆ: ಎಲ್ಲ ಭಾಷೆ ಬಲ್ಲ ಶಿಕ್ಷಕರನ್ನು ಎಲ್ಲಿಂದ ತರೋಣ? ತರಬೇಕಾಗಿಲ್ಲ ಸರ್. ವಾರಕ್ಕೆ ಒಂದು ಜಂಟಿ ತರಗತಿ ಸಾಕು: ಹತ್ತು ನಿಮಿಷದ ಚಿತ್ರಭಾಗ, ಇಬ್ಬರು ಶಿಕ್ಷಕರು, ಉತ್ತರ ಯಾವ ಭಾಷೆಯಲ್ಲಿದ್ದರೂ ಸರಿ, ಅನುವಾದಕ್ಕೆ ಪಕ್ಕದ ಬೆಂಚಿನವರು. ಮೌಲ್ಯಮಾಪನದಲ್ಲಿ ಆ ಉತ್ತರಕ್ಕೂ ಅಂಕ ಇರಲಿ. ಇದಕ್ಕೆ ಹೊಸ ಹುದ್ದೆ ಬೇಡ, ವೇಳಾಪಟ್ಟಿಯಲ್ಲಿ ಒಂದು ಗೆರೆ ಬದಲಾದರೆ ಆಯ್ತು. ಮುಂದಿನ ಸೆಮಿಸ್ಟರಿನ ವೇಳಾಪಟ್ಟಿ ಬರೆಯುವವರು ಇಲ್ಲೇ ಕೂತಿದ್ದೀರಿ. ಅವರ ಉತ್ತರ ಕೇಳಲು ನಾನು ಮೈಕ್ ಬಿಡುತ್ತೇನೆ.