ಗುಂಪನ್ನು ಕಟ್ಟುವ ಕಲೆ: ಮಾಯಾ ರಾವ್ ಅವರ ನೃತ್ಯ ಸಂಯೋಜನೆ ಮತ್ತು ಬೋಧನೆ

ಕರ್ನಾಟಕದ ವಿಶ್ವವಿದ್ಯಾಲಯಗಳು ನೃತ್ಯವನ್ನು ವ್ಯಾಸಂಗದ ವಿಷಯವಾಗಿ ಒಪ್ಪಿಕೊಂಡ ಕಾಲದಲ್ಲಿ ಅವುಗಳ ಮುಂದಿದ್ದದ್ದು ಏಕವ್ಯಕ್ತಿ ನರ್ತನದ ಪರಂಪರೆ. ಮೈಸೂರು ವಿಶ್ವವಿದ್ಯಾಲಯದಲ್ಲಿ 1965ರಲ್ಲಿ ನೃತ್ಯ ವಿಭಾಗ ಆರಂಭವಾದಾಗ ಜಟ್ಟಿ ತಾಯಮ್ಮನವರ ಶಿಷ್ಯೆಯೂ ಅರಮನೆಯ ಆಸ್ಥಾನ ವಿದುಷಿಯೂ ಆಗಿದ್ದ ಕೆ. ವೆಂಕಟಲಕ್ಷಮ್ಮ ಅಲ್ಲಿ ರೀಡರ್ ಹುದ್ದೆಗೆ ಬಂದು 1974ರವರೆಗೆ ಪಾಠ ಹೇಳಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಬೋಧಿಸುತ್ತಿದ್ದ ಯು.ಎಸ್. ಕೃಷ್ಣರಾವ್ ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರಿಂದ ಕಲಿತ ಭರತನಾಟ್ಯವನ್ನು ಬೆಂಗಳೂರು ವಿಶ್ವವಿದ್ಯಾಲಯಕ್ಕೆ ತಂದರು. ಗುರುಮನೆಯ ಕಲೆಯನ್ನು ತರಗತಿಯೊಳಗೆ ಉಳಿಸಿಕೊಳ್ಳುವುದು ಇವರಿಬ್ಬರೂ ಹೊತ್ತ ಹೊಣೆಯಾಗಿತ್ತು. ಅದನ್ನು ಅವರು ನಿಷ್ಠೆಯಿಂದ ನಡೆಸಿದರು. ಆದರೆ ಒಬ್ಬ ನರ್ತಕಿಗೆ ಬದಲಾಗಿ ಹತ್ತು ಹದಿನೈದು ಮಂದಿ ರಂಗದ ಮೇಲೆ ನಿಂತಾಗ ಅವರ ನಡುವಿನ ಅಂತರ, ಪ್ರವೇಶ, ನಿರ್ಗಮನ, ಚಲನೆಯ ದಿಕ್ಕು ಮತ್ತು ಲಯದ ಹಂಚಿಕೆಯನ್ನು ತೀರ್ಮಾನಿಸುವವರು ಯಾರು, ಆ ತೀರ್ಮಾನವನ್ನು ಕಲಿಸಲು ಸಾಧ್ಯವೇ ಎಂಬ ಪ್ರಶ್ನೆ ಆ ವಿಭಾಗಗಳ ಮುಖ್ಯ ಕಾಳಜಿಯಾಗಿರಲಿಲ್ಲ. ಈ ಪ್ರಶ್ನೆಯನ್ನೇ ತಮ್ಮ ಜೀವಿತದ ಕೆಲಸವಾಗಿ ಮಾಡಿಕೊಂಡವರು ಮಾಯಾ ರಾವ್ (1928–2014). ಅವರು ರಂಗಕ್ಕೆ ತಂದ ಕೃತಿಗಳಿಗಿಂತ ಅವರು ಕಟ್ಟಿದ ಬೋಧನೆಯ ಕ್ರಮವೇ ಹಿರಿದಾದ ಸಾಧನೆ ಎಂಬುದು ಈ ಬರಹದ ನಿಲುವು. ಆ ಕ್ರಮದ ಫಲ ತುಮಕೂರು, ಗುಬ್ಬಿ, ಕುಣಿಗಲ್‌ಗಳಂಥ ಊರುಗಳವರೆಗೆ ಹರಿದುಬಂದಿಲ್ಲ ಎಂಬುದು ಅದಕ್ಕೆ ಅಂಟಿಕೊಂಡೇ ಬರುವ ಇನ್ನೊಂದು ಮಾತು.

ಬೆಂಗಳೂರಿನ ಮಲ್ಲೇಶ್ವರದ ಕೊಂಕಣಿ ಸಾರಸ್ವತ ಕುಟುಂಬವೊಂದರಲ್ಲಿ ಹುಟ್ಟಿದ ಮಾಯಾ ರಾವ್ ಮೊದಲು ಕಥಕ್ ಕಲಿತದ್ದು ಜೈಪುರ ಘರಾನೆಯ ಸೋಹನ್‌ಲಾಲ್ ಅವರಲ್ಲಿ. ಘರಾನೆ ಎಂದರೆ ಒಂದು ಮನೆತನ ಅಥವಾ ಊರಿನ ಸುತ್ತ ಬೆಳೆದ ಶೈಲಿಯ ಪರಂಪರೆ. ಜೈಪುರದ ಘರಾನೆ ಪಾದಗತಿಯ ಬಿರುಸಿಗೂ ತಾಳದ ಲೆಕ್ಕಾಚಾರಕ್ಕೂ ಹೆಸರಾದದ್ದು. ಇಂಗ್ಲಿಷ್ ಸಾಹಿತ್ಯದಲ್ಲಿ ಸ್ನಾತಕೋತ್ತರ ವ್ಯಾಸಂಗ ಮುಗಿಸಿ ಕೆಲಕಾಲ ಮಹಾರಾಣಿ ಕಾಲೇಜಿನಲ್ಲಿ ಅಧ್ಯಾಪಕಿಯಾಗಿದ್ದ ಅವರು ಮುಂದೆ ದೆಹಲಿಯ ಭಾರತೀಯ ಕಲಾ ಕೇಂದ್ರದಲ್ಲಿ ಲಖನೌ ಘರಾನೆಯ ಶಂಭು ಮಹಾರಾಜರ ಶಿಷ್ಯೆಯಾದರು. ಕುಳಿತಲ್ಲೇ ಒಂದು ಠುಮ್ರಿಯ ಸಾಲನ್ನು ಹಲವು ಬಗೆಯ ಭಾವಗಳಲ್ಲಿ ಅರಳಿಸಬಲ್ಲವರೆಂದು ಶಂಭು ಮಹಾರಾಜರು ಪ್ರಸಿದ್ಧರಾಗಿದ್ದರು. ಹೀಗೆ ಒಂದು ಕಡೆಯಿಂದ ಲಯದ ಗಣಿತವನ್ನೂ ಇನ್ನೊಂದು ಕಡೆಯಿಂದ ಅಭಿನಯದ ಸೂಕ್ಷ್ಮವನ್ನೂ ಪಡೆದುಕೊಂಡ ನರ್ತಕಿಯೊಬ್ಬರು ತಮ್ಮ ಏಕವ್ಯಕ್ತಿ ಪ್ರದರ್ಶನವನ್ನೇ ಬೆಳೆಸಿಕೊಂಡು ಹೋಗಬಹುದಾಗಿತ್ತು. ಅವರು ಹಾಗೆ ಮಾಡದೆ 1960ರ ಹೊತ್ತಿಗೆ ವಿದ್ಯಾರ್ಥಿವೇತನ ಪಡೆದು ಮಾಸ್ಕೋದ ರಂಗಕಲೆಗಳ ಸಂಸ್ಥೆಗೆ ಹೋಗಿ ಕೊರಿಯೊಗ್ರಫಿಯನ್ನು, ಅಂದರೆ ನೃತ್ಯ ಸಂಯೋಜನೆಯನ್ನು, ಒಂದು ಶೈಕ್ಷಣಿಕ ವಿಷಯವಾಗಿ ಅಭ್ಯಾಸ ಮಾಡಿದರು.

ಮಾಸ್ಕೋದ ಈ ಅಭ್ಯಾಸವನ್ನು ವಿದೇಶಿ ಪದವಿಯ ಹೆಮ್ಮೆಯಾಗಿ ಮಾತ್ರ ಉಲ್ಲೇಖಿಸಿ ಮುಂದೆ ಸಾಗುವುದು ರೂಢಿಯಾಗಿದೆ. ಆದರೆ ಅವರ ಬಲ ಮತ್ತು ಮಿತಿ ಎರಡರ ಬೇರೂ ಅಲ್ಲಿಯೇ ಇರುವುದರಿಂದ ಅದನ್ನು ಹತ್ತಿರದಿಂದ ನೋಡಬೇಕಾಗುತ್ತದೆ. ಆ ಸಂಸ್ಥೆಯ ಬ್ಯಾಲೆ ಸಂಯೋಜಕರ ವಿಭಾಗವನ್ನು 1946ರಲ್ಲಿ ಕಟ್ಟಿದವರು ರೋಸ್ತಿಸ್ಲಾವ್ ಜಖಾರೋವ್. ಪುಷ್ಕಿನ್ನನ ಕಾವ್ಯವನ್ನು ಆಧರಿಸಿ 1934ರಲ್ಲಿ ಅವರು ರಂಗಕ್ಕೆ ತಂದ ‘ಬಖ್ಚಿಸರಾಯ್ ಕಾರಂಜಿ’ ಸೋವಿಯತ್ ನಾಟ್ಯಬ್ಯಾಲೆ ಎಂಬ ಪ್ರಕಾರದ ಮಾದರಿಯೆನಿಸಿತು. ನಾಟ್ಯಬ್ಯಾಲೆಯಲ್ಲಿ ಪ್ರತಿ ಚಲನೆಗೂ ಕಥೆಯೊಳಗೆ ಒಂದು ಕಾರಣವಿರಬೇಕು. ಪಾತ್ರದ ಮನಃಸ್ಥಿತಿ, ಘಟನೆಯ ಏರಿಳಿತ, ಸಾಹಿತ್ಯ ಕೃತಿಯ ಆಶಯ ಇವು ಮೊದಲು ಬಂದು, ಶುದ್ಧ ನೃತ್ತ ಅವುಗಳ ಹಿಂದೆ ಬರುತ್ತದೆ. ಸಾಹಿತ್ಯದ ವಿದ್ಯಾರ್ಥಿನಿಯಾಗಿದ್ದ, ಕಥೆ ಹೇಳುವುದನ್ನೇ ಮೂಲವಾಗಿ ಉಳ್ಳ ಕಥಕ್ಕಿನಲ್ಲಿ ಪಳಗಿದ ಮಾಯಾ ರಾವ್ ಅವರಿಗೆ ಈ ದೃಷ್ಟಿ ಸಹಜವಾಗಿಯೇ ಒಗ್ಗಿರಬೇಕು. ಗುಂಪನ್ನು ನಡೆಸುವ, ರಂಗಸ್ಥಳವನ್ನು ಹಂಚುವ, ಸಂಗೀತ ಮತ್ತು ಬೆಳಕಿನೊಡನೆ ದೃಶ್ಯವನ್ನು ಕೂಡಿಸುವ ತಂತ್ರವನ್ನು ಅವರು ಅಲ್ಲಿಂದ ತಂದರು. ಅದರ ಜೊತೆಗೆ, ನೃತ್ಯಕ್ಕೆ ಕಥೆಯೇ ಆಧಾರ ಎಂಬ ನಂಬಿಕೆಯೂ ಗಟ್ಟಿಯಾಗಿ ಬಂತು.

ಅವರ ಕೃತಿಗಳ ಹೆಸರುಗಳನ್ನು ಗಮನಿಸಿದರೂ ಈ ಒಲವು ತಿಳಿಯುತ್ತದೆ: ‘ಹೊಯ್ಸಳ ವೈಭವ’, ‘ತುಳಸೀ ಕೇ ರಾಮ್’, ‘ಅಮೀರ್ ಖುಸ್ರು’, ‘ರಾಮಾಯಣ ದರ್ಶನಂ’. ಇತಿಹಾಸವೋ ಕಾವ್ಯವೋ ಸಂತಕವಿಯ ಬದುಕೋ ಇವುಗಳ ಹಿಂದೆ ನಿಂತಿದೆ. ಉತ್ತರದ ಶೈಲಿಯಾದ ಕಥಕ್ಕನ್ನು ದಕ್ಷಿಣದ ವಸ್ತುಗಳಿಗೆ ಒಗ್ಗಿಸಿದ್ದು, ಕನ್ನಡದ ಮಹಾಕಾವ್ಯವೊಂದನ್ನು ನೃತ್ಯರಂಗದ ಮುಂದೆ ತಂದದ್ದು ದಿಟ್ಟ ಕೆಲಸವೇ ಸರಿ. ಭಾಷೆ ಮತ್ತು ಪ್ರಾಂತಗಳ ಗಡಿಯೊಳಗೆ ಶಾಸ್ತ್ರೀಯ ಶೈಲಿಗಳನ್ನು ಕೂಡಿಹಾಕುವ ಅಭ್ಯಾಸವನ್ನು ಅದು ಸಡಿಲಿಸಿತು. ಆದರೂ ಕಥಾಪ್ರಧಾನ ವಿಧಾನದ ತೊಡಕು ಆ ಮಹಾಕಾವ್ಯದ, ಅಂದರೆ ಕುವೆಂಪು ಅವರ ‘ರಾಮಾಯಣ ದರ್ಶನಂ’ ಕಾವ್ಯದ, ಎದುರಿನಲ್ಲಿಯೇ ಸ್ಪಷ್ಟವಾಗುತ್ತದೆ. ಆ ಕಾವ್ಯದ ಸತ್ವ ಘಟನೆಗಳಲ್ಲಿರುವುದಕ್ಕಿಂತ ಹೆಚ್ಚಾಗಿ ಪುಟಗಟ್ಟಲೆ ಹರಡುವ ಮಹೋಪಮೆಗಳಲ್ಲಿ, ಮಲೆನಾಡಿನ ಕಾಡು ಮಳೆಗಳು ಪಾತ್ರದ ಚಿತ್ತದೊಳಗೆ ಇಳಿಯುವ ಬಗೆಯಲ್ಲಿ, ಎಲ್ಲರಿಗೂ ತಿಳಿದ ಕಥೆಯನ್ನು ತಡೆದು ನಿಲ್ಲಿಸಿ ಒಳಮುಖವಾಗುವ ಕ್ಷಣಗಳಲ್ಲಿ ಇದೆ. ಘಟನೆಯಿಂದ ಘಟನೆಗೆ ಸಾಗುವ ನೃತ್ಯನಾಟಕ ಆ ಕಾವ್ಯದಿಂದ ಕಥೆಯನ್ನು ಎತ್ತಿಕೊಳ್ಳಬಹುದು, ಆದರೆ ಉಪಮೆಯನ್ನು ಎತ್ತಿಕೊಳ್ಳಲಾರದು. ಅದಕ್ಕೆ ಚಲನೆಯೇ ಮೊದಲಾಗಿ ಕಥೆ ಹಿಂದೆ ಸರಿಯುವ ಇನ್ನೊಂದು ಬಗೆಯ ಸಂಯೋಜನೆ ಬೇಕಾಗುತ್ತದೆ. ಚೆನ್ನೈಯ ಚಂದ್ರಲೇಖಾ 1985ರಲ್ಲಿ ‘ಆಂಗಿಕ’ದ ಮೂಲಕ ದೇವರ ಕಥೆಗಳನ್ನು ಬಿಟ್ಟುಕೊಟ್ಟು ದೇಹದ ಶಕ್ತಿ ಮತ್ತು ರೇಖೆಯನ್ನೇ ವಸ್ತುವಾಗಿಸಿದಾಗ ಭಾರತೀಯ ನೃತ್ಯದಲ್ಲಿ ಆಗಿಹೋದ ಪಲ್ಲಟ ಮಾಯಾ ರಾವ್ ಅವರ ರಂಗಕೃತಿಗಳ ದಾರಿಯಾಗಲಿಲ್ಲ.

ಕೃತಿಗಳ ಮಾತು ಹೀಗಾದರೆ, ಬೋಧನೆಯ ಮಾತು ಬೇರೆ. ಅವರು 1964ರಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯರ ಬೆಂಬಲದಿಂದ, ಭಾರತೀಯ ನಾಟ್ಯ ಸಂಘದ ಆಶ್ರಯದಲ್ಲಿ ದೆಹಲಿಯಲ್ಲಿ ಆರಂಭಿಸಿದ ನೃತ್ಯ ಸಂಯೋಜನಾ ಸಂಸ್ಥೆ 1987ರಲ್ಲಿ ಬೆಂಗಳೂರಿಗೆ ಬಂದು ನೆಲೆನಿಂತಿತು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಮಾನ್ಯತೆಯೊಡನೆ ಸಂಯೋಜನೆಯಲ್ಲಿ ಪದವಿ ವ್ಯಾಸಂಗ ನಡೆಯಿತು. ಈ ಘಟನೆಯ ತೂಕ ತಿಳಿಯಬೇಕಾದರೆ ಅದಕ್ಕೆ ಮೊದಲಿನ ಸ್ಥಿತಿಯನ್ನು ನೆನೆಯಬೇಕು. ಗುರುಕುಲ ಪದ್ಧತಿಯಲ್ಲಿ ಶಿಷ್ಯೆ ಗುರು ಕಟ್ಟಿಕೊಟ್ಟ ಬಂಧಗಳನ್ನು ಕಲಿಯುತ್ತಾಳೆ: ಕಥಕ್ಕಿನಲ್ಲಿ ಆಮದ್ ಎಂಬ ಪ್ರವೇಶದ ಬಂಧ, ತೋಡಾ ಎಂಬ ಲಯಖಂಡ, ಮೂರು ಸಲ ಆವರ್ತಿಸಿ ಸಮಕ್ಕೆ ಬಂದು ಮುಗಿಯುವ ತಿಹಾಯಿ. ಅವನ್ನು ಅರಗಿಸಿಕೊಂಡ ಬಹಳ ವರ್ಷಗಳ ಮೇಲೆ, ಪ್ರತಿಭೆ ಇದ್ದರೆ, ತಾನೇ ಹೊಸದನ್ನು ಕಟ್ಟುತ್ತಾಳೆ. ಇಲ್ಲವಾದರೆ ಕಲಿತದ್ದನ್ನು ಒಪ್ಪಿಸುತ್ತಾ ಹೋಗುತ್ತಾಳೆ. ಕಟ್ಟುವ ಸಾಮರ್ಥ್ಯ ವಯಸ್ಸು ಮತ್ತು ಅನುಗ್ರಹದಿಂದ ಬರುವಂಥದ್ದೆಂಬ ಭಾವನೆ ಅಲ್ಲಿತ್ತು. ಮಾಯಾ ರಾವ್ ಈ ಸಾಮರ್ಥ್ಯವನ್ನು ನರ್ತನದ ಪ್ರಾವೀಣ್ಯದಿಂದ ಬಿಡಿಸಿ ನೋಡಿದರು. ಸಾಧಾರಣ ನರ್ತಕಿಯೂ ಉತ್ತಮ ಸಂಯೋಜಕಿಯಾಗಬಹುದು, ಅಸಾಧಾರಣ ನರ್ತಕಿಗೂ ಸಂಯೋಜನೆ ಒಲಿಯದಿರಬಹುದು ಎಂಬ ತಿಳಿವಳಿಕೆ ಅವರ ಸಂಸ್ಥೆಯ ತಳಹದಿಯಾಗಿತ್ತು. ಇಪ್ಪತ್ತು ವರ್ಷದ ವಿದ್ಯಾರ್ಥಿಯ ಕೈಗೆ ಖಾಲಿ ರಂಗಸ್ಥಳವನ್ನೂ ಸಹಪಾಠಿಗಳನ್ನೂ ಒಪ್ಪಿಸಿ, ಕಟ್ಟು ಎಂದು ಹೇಳುವುದಕ್ಕೆ ಗುರುವಿನ ಅಧಿಕಾರದ ಒಂದು ಭಾಗವನ್ನು ಬಿಟ್ಟುಕೊಡುವ ಮನಸ್ಸು ಬೇಕು. ಆ ಮನಸ್ಸು ಇಲ್ಲಿ ಪಠ್ಯಕ್ರಮದ ರೂಪ ತಾಳಿತು.

ಈ ಶಿಕ್ಷಣ ಫಲಿಸಿತೆಂಬುದಕ್ಕೆ ಅವರ ಬಳಿ ಕಲಿತವರು ಅವರಂತೆ ಆಗದಿರುವುದೇ ಸಾಕ್ಷಿ. ಮಗಳು ಮಧು ನಟರಾಜ್ 1995ರಲ್ಲಿ ಸ್ಥಾಪಿಸಿದ ಸ್ಟೆಮ್ ಡಾನ್ಸ್ ಕಂಪ್ನಿ ಕಥಕ್ಕಿನ ಚಕ್ಕರು ಮತ್ತು ತತ್ಕಾರಗಳನ್ನು, ಅಂದರೆ ಸುತ್ತುಗಳನ್ನು ಮತ್ತು ಪಾದಗತಿಯನ್ನು, ಸಮಕಾಲೀನ ನೃತ್ಯದ ನೆಲಕ್ಕೆ ಒಯ್ದಿತು. ನಿರುಪಮಾ ಮತ್ತು ರಾಜೇಂದ್ರ ದಂಪತಿ ದೊಡ್ಡ ಪ್ರೇಕ್ಷಕ ವರ್ಗವನ್ನು ತಲುಪುವ ಅದ್ದೂರಿ ಪ್ರಯೋಗಗಳ ಕಡೆ ಹೊರಳಿದರು. ಶಿಷ್ಯರಲ್ಲಿ ತನ್ನ ಛಾಯೆಯನ್ನೇ ಕಾಣಲು ಬಯಸುವ ಪರಂಪರೆಯ ನಡುವೆ ಇಂಥ ಭಿನ್ನತೆ ಹುಟ್ಟಿದ್ದು ಸಣ್ಣ ಸಂಗತಿಯಲ್ಲ. ಸಂಗೀತ ನಾಟಕ ಅಕಾಡೆಮಿ 1989ರಲ್ಲಿ ನೀಡಿದ ಪ್ರಶಸ್ತಿ, 2011ರ ಟ್ಯಾಗೋರ್ ಅಕಾಡೆಮಿ ರತ್ನ ಗೌರವ ಇವೆಲ್ಲಕ್ಕಿಂತ ಈ ಭಿನ್ನತೆಯೇ ಅವರ ಬೋಧನೆಯ ನಿಜವಾದ ಅಳತೆ.

ಹಾಗಿದ್ದರೂ ಬೆಂಗಳೂರಿನಿಂದ ಎಪ್ಪತ್ತು ಕಿಲೋಮೀಟರು ದೂರದ ತುಮಕೂರಿನ ಕಡೆಯಿಂದ ಈ ಸಾಧನೆಯನ್ನು ನೋಡಿದಾಗ ಒಂದು ಕೊರತೆ ಎದ್ದು ಕಾಣುತ್ತದೆ. ಬಹುಜನರನ್ನು ರಂಗದ ಮೇಲೆ ಕಟ್ಟುವ ಕಲೆ ಈ ಸೀಮೆಗೆ ಹೊಸದಲ್ಲ. ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ ಗುಬ್ಬಿ ವೀರಣ್ಣನವರ ಕಾಲದಲ್ಲಿ ಬೆಳೆದು, ‘ಕುರುಕ್ಷೇತ್ರ’ ನಾಟಕಕ್ಕೆ ಆನೆ ಕುದುರೆಗಳನ್ನೇ ತಂದು, ಹಾಡು, ಕುಣಿತ, ಪರದೆ, ಯಂತ್ರತಂತ್ರಗಳನ್ನು ಒಂದೇ ದೃಶ್ಯದಲ್ಲಿ ಹೊಂದಿಸಿದ್ದು ನೃತ್ಯ ಸಂಯೋಜನೆಯ ಚರಿತ್ರೆಯಲ್ಲಿಯೂ ಸೇರಬೇಕಾದ ವಿಷಯ. ಬಾಲಕನಾಗಿ ಆ ಕಂಪನಿ ಸೇರಿದ ಬಿ.ವಿ. ಕಾರಂತರು ಮುಂದೆ ಗುಂಪಿನ ಚಲನೆ ಮತ್ತು ಸಂಗೀತವನ್ನು ಬೆಸೆದ ರೀತಿಯಲ್ಲಿ ಅದರ ನೆನಪು ಜೀವಂತವಾಗಿತ್ತು. ಇದೇ ತುಮಕೂರು ಜಿಲ್ಲೆಯ ತಿಪಟೂರಿನ ಸುತ್ತಮುತ್ತ ಉಳಿದುಬಂದಿರುವ ಮೂಡಲಪಾಯ ಯಕ್ಷಗಾನದಲ್ಲಿ ಭಾಗವತನ ಹಾಡು, ಮುಖವೀಣೆ, ಮದ್ದಳೆಗಳ ಹಿಮ್ಮೇಳಕ್ಕೆ ಅಟ್ಟದ ಮೇಲೆ ಪಾತ್ರಧಾರಿಗಳು ಹಾಕುವ ದೊಡ್ಡ ಹೆಜ್ಜೆಗಳಿಗೆ, ವೀರ ಪಾತ್ರದ ಒಡ್ಡೋಲಗದ ಬಿರುಸಿಗೆ, ಕೋಡಂಗಿಯ ಹಗುರಾದ ನಡಿಗೆಗೆ ತಮ್ಮದೇ ಆದ ಸ್ಥಳವಿನ್ಯಾಸವಿದೆ. ಮಾಯಾ ರಾವ್ ಅವರ ತಲೆಮಾರಿನ ಸಂಯೋಜಕರು ಜನಪದ ನೃತ್ಯಗಳನ್ನು ಪ್ರೀತಿಯಿಂದ ಕಂಡರು, ಉತ್ಸವಗಳಲ್ಲಿ ಸೇರಿಸಿಕೊಂಡರು. ಆದರೆ ನಗರದ ರಂಗಕ್ಕೆ ಬಂದಾಗ ಅವು ಹೆಚ್ಚಾಗಿ ಬಣ್ಣ ಮತ್ತು ವೇಗದ ಪೂರೈಕೆಯಾದವೇ ಹೊರತು, ಸಂಯೋಜನೆಯನ್ನು ಕಲಿಸಬಲ್ಲ ಶಾಸ್ತ್ರಗಳಾಗಿ ಅವಕ್ಕೆ ಪಠ್ಯದಲ್ಲಿ ಸಮಾನ ಸ್ಥಾನ ದೊರೆಯಲಿಲ್ಲ. ಮಾಸ್ಕೋದ ಪಾಠ ಹತ್ತಿರವಾಯಿತು, ಗುಬ್ಬಿಯ ಪಾಠ ದೂರ ಉಳಿಯಿತು.

ಇದರ ಪರಿಣಾಮವನ್ನು ಜಿಲ್ಲೆಯ ನೃತ್ಯಶಾಲೆಗಳ ದೈನಂದಿನ ಕೆಲಸದಲ್ಲಿ ಕಾಣಬಹುದು. ಜೂನಿಯರ್, ಸೀನಿಯರ್, ವಿದ್ವತ್ ಎಂಬ ಮೂರು ಹಂತಗಳ ಪರೀಕ್ಷೆಯೇ ಅಲ್ಲಿನ ಬೋಧನೆಯ ಬೆನ್ನೆಲುಬು. ಪ್ರಾಯೋಗಿಕ ಪರೀಕ್ಷೆಯಲ್ಲಿ ಅಭ್ಯರ್ಥಿ ಒಬ್ಬಳೇ ನಿಂತು ಕಲಿತ ಬಂಧಗಳನ್ನು ತೋರಿಸುತ್ತಾಳೆ. ಆದರೆ ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ವಾರ್ಷಿಕೋತ್ಸವ ಬಂದಾಗ ಅದೇ ಶಿಕ್ಷಕಿ ಮೂವತ್ತು ಮಕ್ಕಳನ್ನು ಒಟ್ಟಿಗೆ ರಂಗಕ್ಕೆ ತರಬೇಕು, ಅದಕ್ಕೆ ಆಕೆಗೆ ಯಾವ ತರಬೇತಿಯೂ ದೊರೆತಿರುವುದಿಲ್ಲ. ಕುಣಿಗಲ್ ಕೆರೆಯನ್ನು ಕುರಿತ ಪ್ರಸಿದ್ಧ ಜನಪದ ಗೀತೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ತರಬೇತಿಯಿಲ್ಲದ ಕಡೆ ಆ ಹಾಡಿನ ಒಂದೊಂದು ಪದಕ್ಕೂ ಒಂದೊಂದು ಹಸ್ತ ಹಿಡಿದು, ಮಕ್ಕಳನ್ನು ಎರಡು ಸಾಲಾಗಿ ನಿಲ್ಲಿಸಿ, ನಡುವೆ ಒಮ್ಮೆ ಸುತ್ತು ಹಾಕಿಸಿ ಮುಗಿಸುವುದು ವಾಡಿಕೆ. ಸಂಯೋಜನೆಯನ್ನು ಕಲಿತವರು ಅದೇ ಹಾಡಿನಲ್ಲಿ ಮೊದಲು ಕೆರೆಯನ್ನು ಹುಡುಕುತ್ತಾರೆ: ಏರಿಯ ಉದ್ದನೆಯ ರೇಖೆ ರಂಗದ ಹಿಂಬದಿಯಲ್ಲಿ ನಿಧಾನವಾಗಿ ನಡೆಯುವ ಸಾಲಾಗುತ್ತದೆ, ನೀರಿನ ಹರವು ನಡುರಂಗವನ್ನು ಖಾಲಿ ಬಿಡುವುದರಿಂದ ಮೂಡುತ್ತದೆ, ತೂಬು ತೆರೆದಾಗ ಒಂದೇ ಕಿಂಡಿಯಿಂದ ಒಬ್ಬೊಬ್ಬರಾಗಿ ಹೊರಬರುವ ಮಕ್ಕಳು ಕಾಲುವೆಯಾಗಿ ಕವಲೊಡೆಯುತ್ತಾರೆ, ಕೋಡಿ ಬಿದ್ದಾಗ ಆ ಕ್ರಮವೆಲ್ಲ ಮುರಿದು ಇಡೀ ಗುಂಪು ಒಂದು ಅಂಚಿನಿಂದ ಮಗುಚಿ ಹರಿಯುತ್ತದೆ. ಹಾಡಿನ ಅರ್ಥವನ್ನು ಕೈ ಹೇಳುವ ಮೊದಲೇ ಸ್ಥಳ ಹೇಳಿರುತ್ತದೆ. ಇದು ದುಬಾರಿ ಉಡುಪನ್ನೋ ದೊಡ್ಡ ಪ್ರತಿಭೆಯನ್ನೋ ಬೇಡುವುದಿಲ್ಲ, ಕಲಿಸಬಹುದಾದ ಒಂದು ದೃಷ್ಟಿಯನ್ನು ಬೇಡುತ್ತದೆ, ಮತ್ತು ಆ ದೃಷ್ಟಿಯನ್ನು ಕಲಿಸಲು ಸಾಧ್ಯವೆಂದು ನಂಬಿ ಐವತ್ತು ವರ್ಷ ದುಡಿದವರು ಮಾಯಾ ರಾವ್.

ಅವರ ಸಂಸ್ಥೆಯಿಂದ ಹೊರಬಂದ ಸಂಯೋಜಕರು ಮಹಾನಗರಗಳ ವೇದಿಕೆಗಳನ್ನು ಅರಸಿ ಹೋಗುವುದರಲ್ಲಿ ತಪ್ಪೇನೂ ಇಲ್ಲ. ಅವರ ಜೀವನೋಪಾಯ ಅಲ್ಲಿದೆ. ತಪ್ಪು ಇರುವುದು ಪದವಿಯನ್ನೂ ಪರೀಕ್ಷೆಯನ್ನೂ ಎರಡು ಬೇರೆ ಲೋಕಗಳಾಗಿ ಬೆಳೆಯಗೊಟ್ಟ ವ್ಯವಸ್ಥೆಯಲ್ಲಿ. ವಿದ್ವತ್ ಹಂತದ ಅಭ್ಯರ್ಥಿ ಐದಾರು ಮಂದಿಯನ್ನು ಬಳಸಿ ಹತ್ತು ನಿಮಿಷದ ಒಂದು ಸ್ವತಂತ್ರ ರಚನೆಯನ್ನು ಕಟ್ಟಿ ತೋರಿಸಬೇಕೆಂಬ ಒಂದೇ ನಿಯಮ ಬಂದರೂ ಗುಬ್ಬಿ, ಕುಣಿಗಲ್‌ಗಳ ಶಿಕ್ಷಕಿಯರಿಗೆ ಸಂಯೋಜನೆಯ ಪಾಠ ಅನಿವಾರ್ಯವಾಗುತ್ತದೆ. ಆಗ ಆ ಪಾಠಕ್ಕೆ ಮಾದರಿಗಳನ್ನು ಹುಡುಕುವವರು ಮಾಯಾ ರಾವ್ ಅವರ ಪಠ್ಯಕ್ರಮದ ಜೊತೆಯಲ್ಲಿಯೇ ಕಂಪನಿ ನಾಟಕದ ರಂಗವಿನ್ಯಾಸವನ್ನೂ ಮೂಡಲಪಾಯದ ಅಟ್ಟವನ್ನೂ ಅಭ್ಯಾಸ ಮಾಡಬೇಕಾಗಿ ಬರುತ್ತದೆ.