ತುಂಗಮ್ಮನ ಪಾಲಿಗೆ ಉಳಿದದ್ದು

'ನಾಗರಹಾವು' ಚಿತ್ರಕ್ಕೆ ಎರಡನೇ ಭಾಗ ಬೇಕು ಎಂದರೆ ಚಿತ್ರದುರ್ಗದವರು ಹೊಡೆಯಲು ಬಂದಾರು. ಚಾಮಯ್ಯ ಮೇಷ್ಟ್ರು ಬೆಟ್ಟದಿಂದ ಬಿದ್ದು ಸತ್ತರು, ಅವರ ಶಿಷ್ಯ ರಾಮಾಚಾರಿ ಪ್ರೇಯಸಿ ಮಾರ್ಗರೇಟಳ ಜೊತೆ ಅಲ್ಲಿಂದಲೇ ಹಾರಿ ಸತ್ತ. ಇನ್ನೇನಿದೆ ಕತೆಯಲ್ಲಿ? ಮೇಷ್ಟ್ರ ಹೆಂಡತಿ ತುಂಗಮ್ಮ ಇದ್ದಾಳೆ. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆರೆಗೆ ತಂದ ಈ ಚಿತ್ರ ಸಾಯುವವರ ಮೇಲೆ ಸುರಿದ ಕಣ್ಣೀರನ್ನು ಬದುಕುಳಿದವಳಿಗೆ ಕೊಡಲಿಲ್ಲ. ನನಗೆ ಅದರ ದೊಡ್ಡ ಕೊರತೆ ಅದೇ.

ನಮ್ಮವರು ಮುಂದಿನ ಭಾಗ ಮಾಡಿದರೆ ದೆವ್ವದ ಬೆನ್ನು ಹತ್ತುತ್ತಾರೆ. 'ಆಪ್ತಮಿತ್ರ' (2004) ನಿಂತದ್ದೇ ತಾನೇ ನಾಗವಲ್ಲಿ ಎಂಬ ಸತ್ತ ನರ್ತಕಿ ಎಂದುಕೊಳ್ಳುವ ಗಂಗಾಳ ಮನಸ್ಸಿನ ಮೇಲೆ. ಅದರ ಮುಂದಿನ ಭಾಗ 'ಆಪ್ತರಕ್ಷಕ' (2010) ಗಂಗಾಳನ್ನು ಬಿಟ್ಟು ನಾಗವಲ್ಲಿಯ ಪಟವನ್ನು ಇನ್ನೊಂದು ಮನೆಗೆ ಸಾಗಿಸಿತು. ಅದರಲ್ಲಿ ವಿಷ್ಣುವರ್ಧನ್ ಇದ್ದರು, ಚಿತ್ರ ಓಡಿತು. ಆ ಮಾತು ಬೇರೆ. ದೆವ್ವವೇ ಬೇಕೆಂದರೆ ಆಸ್ಟ್ರೇಲಿಯಾದ 'ದಿ ಬಾಬಾಡೂಕ್' (2014) ನೋಡಿ: ಗಂಡ ಸತ್ತವಳ ಮನೆಯ ಭೂತ ಸಾಯುವುದಿಲ್ಲ, ನೆಲಮಾಳಿಗೆಯಲ್ಲಿ ಉಳಿಯುತ್ತದೆ. ಅವಳೇ ಅದಕ್ಕೆ ಊಟ ಹಾಕುತ್ತಾಳೆ.

ತುಂಗಮ್ಮನಿಗೆ ಅಂಥ ಭೂತವೂ ಬೇಡ. ಮಕ್ಕಳಿಲ್ಲದ ಆಕೆ ಮಗನೆಂದುಕೊಂಡ ಹುಡುಗನ ಕೈತಪ್ಪಿನಿಂದಲೇ ಗಂಡ ಸತ್ತಿದ್ದಾನೆ. ಗಂಡನಿಗಾಗಿ ಅತ್ತರೆ ಬೀದಿಯ ಹೆಂಗಸರೂ ಜೊತೆಗೆ ಅಳುತ್ತಾರೆ. ರಾಮಾಚಾರಿಗಾಗಿ ಅತ್ತರೆ? ಬಾಗಿಲು ಹಾಕಿಕೊಂಡೇ ಅಳಬೇಕು. ಅವನು ತಾನು ಮೊದಲು ಪ್ರೀತಿಸಿದ ಅಲಮೇಲುವನ್ನು ಬಿಟ್ಟದ್ದು ಮೇಷ್ಟ್ರ ಮಾತಿಗೆ ಕಟ್ಟುಬಿದ್ದು, ಅವಳ ಬಾಳು ಹಾಳಾದದ್ದು ಆಮೇಲೆ. ಹಾಗಾಗಿ ಸತ್ತ ಗಂಡನ ಮೇಲೂ ಸಿಟ್ಟು. ಗೂಟದಲ್ಲಿ ತೂಗುವ ಮೇಷ್ಟ್ರ ಕೋಟಿಗೆ ಆಕೆ ಬೈಯುವ ಒಂದು ರಾತ್ರಿಯನ್ನು ಊಹಿಸಿಕೊಳ್ಳಿ. ಬೈದು, ಮುಂಜಾನೆ ಎದ್ದು ಅದೇ ಕೋಟಿನ ಧೂಳು ಕೊಡವುತ್ತಾಳೆ.

ಹಿರಿಯೂರಿಗೋ ಹೊಳಲ್ಕೆರೆಗೋ ಬಂದು ನಮ್ಮ ಜೊತೆ ಇರು ಎಂದು ನೆಂಟರು ಕರೆದಾರು. ಆಕೆ ಹೋಗುವುದಿಲ್ಲ. ದುರ್ಗದಲ್ಲಿ ಯಾವ ಹಿತ್ತಲಿಗೆ ಹೋದರೂ ಬೆಟ್ಟ ಕಾಣುತ್ತದೆ. ಪಾತ್ರೆ ತೊಳೆಯುವಾಗ, ಬಟ್ಟೆ ಒಣಹಾಕುವಾಗ ಆ ಬಂಡೆಗಳು ಎದುರಿಗೇ. ಮುಪ್ಪಿನಲ್ಲಿ ಒಮ್ಮೆ ಕೋಟೆ ಹತ್ತಿದಾಗ, ಇಲ್ಲಿಂದಲೇ ರಾಮಾಚಾರಿ ಹಾರಿದ್ದು ಎಂದು ಗೈಡೊಬ್ಬ ಪ್ರವಾಸಿಗರಿಗೆ ಹೇಳುತ್ತಿರುತ್ತಾನೆ. ಅವರು ಫೋಟೊಗೆ ನಿಲ್ಲುತ್ತಾರೆ. ನನ್ನ ಎರಡನೇ ಭಾಗದ ಅತಿ ಭಯಾನಕ ದೃಶ್ಯ ಅದು. ಅಲ್ಲಿ ಹಿನ್ನೆಲೆ ಸಂಗೀತ ಬೇಡವೇ ಬೇಡ.

ತುಂಗಮ್ಮನ ಪಾತ್ರ ಮಾಡಿದ್ದ ಲೀಲಾವತಿಯವರು 2023ರ ಡಿಸೆಂಬರಿನಲ್ಲಿ ತೀರಿಕೊಂಡರು. ಸಿನಿಮಾದ ಆಸೆ ಬಿಟ್ಟಿದ್ದೇನೆ. ದುರ್ಗದ ಕಡೆಯ ಕತೆಗಾರರು ಯಾರಾದರೂ ತುಂಗಮ್ಮನನ್ನು ಬರೆಯಲಿ.