ಜೋಳದ ಅಂಬಲಿ: ಒಂದು ರುಚಿವಿಮರ್ಶೆ

ಪೇಯಗಳ ಗುಣದೋಷಗಳನ್ನು ವಿಚಾರಿಸುವ ವಿದ್ಯೆ ಕನ್ನಡನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುಡಿಯುವ ನೀರಿನ ವಿಚಾರವೂ ಪಾನಕಗಳ ವಿಚಾರವೂ ಇದೆ. ಅರಮನೆಯ ಪಾನಕಕ್ಕೆ ದೊರೆತ ಈ ಮನ್ನಣೆ ಹೊಲದ ಗಡಿಗೆಗೆ ದೊರೆಯಲಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯ ಬಿಸಿಲಿಗೆ ಆಸರೆಯಾದ ಜೋಳದ ಅಂಬಲಿಯನ್ನು ಬಡವರ ಆಹಾರವೆಂದು ಮರುಗುವವರುಂಟು, ಆರೋಗ್ಯಕ್ಕೆ ಹಿತವೆಂದು ಸಾರುವವರೂ ಉಂಟು; ರುಚಿಯ ಒರೆಗಲ್ಲಿಗೆ ಹಚ್ಚಿದವರು ಮಾತ್ರ ವಿರಳ.

ಈ ವಿಷಯದಲ್ಲಿ ಪಾಶ್ಚಾತ್ಯರ ಬಿಯರ್ ಪರೀಕ್ಷಕರಿಂದ ಕಲಿಯತಕ್ಕದ್ದು ಇದೆ. ಬೇಸಗೆಗೆ ಒಪ್ಪುವ ‘ಬ್ಲಾಂಡ್ ಏಲ್’ ಎಂಬ ಹೊಂಬಣ್ಣದ ಹಗುರಾದ ಬಿಯರನ್ನು ಅವರು ಮೊದಲು ಕಣ್ಣಿನಿಂದ, ಬಳಿಕ ಮೂಗಿನಿಂದ, ಆಮೇಲೆ ನಾಲಗೆಯಿಂದ ಪರೀಕ್ಷಿಸಿ, ನುಂಗಿದ ತರುವಾಯ ಬಾಯಲ್ಲಿ ಉಳಿಯುವದನ್ನೂ ಗಮನಿಸುವರು. ಅದಕ್ಕೂ ಮಿಗಿಲಾಗಿ, ಆಯಾ ಪೇಯವನ್ನು ಅದರ ಜಾತಿಗೆ ತಕ್ಕ ಅಳತೆಯಿಂದಲೇ ಅಳೆಯುವರು. ಹಾಪ್ ಬಳ್ಳಿಯ ಹೂವಿನ ಕಹಿ ಇದರಲ್ಲಿ ಕಡಿಮೆಯೆಂದು ಅವರಾರೂ ದೂರುವದಿಲ್ಲ.

ಏಲಿಗೂ ಅಂಬಲಿಗೂ ದೂರದ ನಂಟು ಉಂಟು. ಜವೆಗೋದಿಯನ್ನು ಮೊಳಕೆ ಬರಿಸಿ ಒಣಗಿಸಿ ಬಿಸಿನೀರಿನಲ್ಲಿ ನೆನೆಸಿದರೆ ಕಾಳಿನ ಪಿಷ್ಟವು ಸಕ್ಕರೆಯಾಗುವದು. ಆ ಸಕ್ಕರೆಯನ್ನುಂಡ ಯೀಸ್ಟು ಮದ್ಯವನ್ನು ಹುಟ್ಟಿಸುವದು. ಅಂಬಲಿಯ ಜೋಳಕ್ಕೆ ಮೊಳಕೆಯಿಲ್ಲ. ಪಿಷ್ಟವು ಬಹುಮಟ್ಟಿಗೆ ಪಿಷ್ಟವಾಗಿಯೇ ಉಳಿದು, ಹಾಲನ್ನು ಮೊಸರಾಗಿಸುವ ಜೀವಾಣುಗಳ ಕುಲದವೇ ಇಲ್ಲಿ ಹುಳಿಯನ್ನು ತರುವವು. ಇದು ಧಾನ್ಯದ ಕೊರತೆಯಲ್ಲ. ಇದೇ ಜೋಳದ ಮೊಳಕೆಯಿಂದ ಬುರ್ಕಿನಾ ಫಾಸೋ ದೇಶದವರು ‘ಡೋಲೋ’ ಎಂಬ ಬಿಯರನ್ನು ಕಾಸುತ್ತಾರೆ. ಈ ಸೀಮೆ ಮುಂಬಯಿಯ 1949ರ ಪಾನನಿರೋಧ ಕಾಯಿದೆಗೆ ಒಳಪಟ್ಟಿದ್ದಾಗಲೂ ಅಂಬಲಿಯ ಗಡಿಗೆಗೆ ಯಾರೂ ಕೈಹಚ್ಚುವ ಕಾರಣವಿರಲಿಲ್ಲ!

ಇನ್ನು ಪರೀಕ್ಷೆ. ಎರೆಹೊಲದ ಹಿಂಗಾರಿ ಬಿಳಿಜೋಳದ ಸುಗ್ಗಿ ಮುಗಿಯುವ ಹೊತ್ತಿಗೆ ಬೇಸಗೆ ಕಾಲಿಡುವದರಿಂದ ಹಿಟ್ಟು ಹೊಸದು. ರಾತ್ರಿ ನೀರಿನಲ್ಲಿ ಕಲಸಿಟ್ಟು ಹುಳಿಸಿದ ಹಿಟ್ಟನ್ನು ಮುಂಜಾನೆ ಕುದಿಯುವ ನೀರಿಗೆ ಹೊಯ್ದು, ಗಂಟಾಗದಂತೆ ತಿರುವಿ, ಆರಿದ ಮೇಲೆ ತುಸು ಮಜ್ಜಿಗೆ, ಉಪ್ಪು, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ ಕೂಡಿಸುವದು ಕ್ರಮ. ಕಣ್ಣಿಗೆ ಇದು ಏನೂ ಅಲ್ಲ. ಏಲಿನ ಹೊಳಪೂ ನೊರೆಯೂ ಇಲ್ಲದ ಬೂದಿಬಿಳುಪು. ಮೂಗಿಗೆ ಬೆಂದ ಜೋಳದ ಕಂಪು ಮೊದಲು, ಹುಳಿ ಅದರ ಹಿಂದೆ. ನಾಲಗೆಯ ಮೇಲೂ ಅದೇ ಕ್ರಮ: ಕಾಳಿನ ಮಂದವಾದ ಸಿಹಿ ಹರಡಿದ ಮೇಲೆ ಹುಳಿ ನಿಧಾನವಾಗಿ ಏಳುವದು. ನಡುವೆ ಉಳ್ಳಾಗಡ್ಡಿಯನ್ನು ಕಚ್ಚಿದಾಗ ಮುಂದಿನ ಗುಟುಕು ಮತ್ತೆ ಹೊಸದಾಗುವದು. ಗಂಟಲಿಗೆ ಇಳಿಯುವಷ್ಟು ತೆಳುವು, ಬಾಯಿಗೆ ಸಿಗುವಷ್ಟು ಮಂದ. ಈ ಹದವೇ ಅಂಬಲಿಯ ಪ್ರಾಣ.

ಈಚೆಗೆ ಈ ಹೆಸರಿನಿಂದ ದೊರೆಯುವದು ಎಷ್ಟೋ ಕಡೆ ಬೇರೆಯೇ. ಹಿಟ್ಟನ್ನು ಆಗಿಂದಾಗ ಕುದಿಸಿ, ಹುಳಿಮಜ್ಜಿಗೆಯನ್ನು ಧಾರಾಳವಾಗಿ ಸುರಿದು, ಬೆಳ್ಳುಳ್ಳಿಯಿಂದ ದೋಷವನ್ನು ಮುಚ್ಚುವರು. ಹುಳಿ ಮೇಲೆ ತೇಲುವದು, ಹಿಟ್ಟು ಕೆಳಗೆ ಸಪ್ಪಗೆ ಕೂಡುವದು, ಒಂದನ್ನೊಂದು ಅರಿಯವು. ಇದು ಮಜ್ಜಿಗೆ ಬೆರೆಸಿದ ಗಂಜಿಯೇ ಹೊರತು ಅಂಬಲಿಯಲ್ಲ. ಶೀತಪೆಟ್ಟಿಗೆಯ ಉಪಚಾರವೂ ಇದಕ್ಕೆ ಹಿತವಲ್ಲ. ಅತಿಶೈತ್ಯದಲ್ಲಿ ಕಂಪು ಅಡಗುವದು. ಬೆವರುವ ಮಣ್ಣಿನ ಗಡಿಗೆ ಕೊಡುವಷ್ಟು ತಂಪೇ ಸಾಕು.

ಬಡತನದ ಮರುಕದಿಂದ ಅಂಬಲಿಯನ್ನು ಅಳೆಯುವವರು ಮಾದಾರ ಚೆನ್ನಯ್ಯನ ಕಥೆಯನ್ನು ಮತ್ತೊಮ್ಮೆ ಓದಬೇಕು. ಹುನಗುಂದದ ನೆರೆಯ ಕೂಡಲಸಂಗಮದೊಡನೆ ಹೆಸರು ಬೆರೆತ ಬಸವಣ್ಣನವರು ವಚನಗಳಲ್ಲಿ ತಂದೆಯ ಸ್ಥಾನದಲ್ಲಿಟ್ಟು ನೆನೆದ ಆ ಶರಣನ ಅಂಬಲಿಯನ್ನು, ಚೋಳರಾಜನ ನೈವೇದ್ಯವನ್ನು ಬಿಟ್ಟು ಶಿವನು ಉಂಡನೆಂದು ಪ್ರತೀತಿ. ಭಕ್ತಿಯನ್ನು ಕೊಂಡಾಡುವ ಭರದಲ್ಲಿ ವ್ಯಾಖ್ಯಾನಕಾರರು ಗಡಿಗೆಯನ್ನೇ ಮರೆಯುತ್ತಾರೆ. ಶಿವನು ಕನಿಕರದಿಂದ ಉಂಡನೆಂದರೆ ಕಥೆಯ ಹುರುಳು ಹೋಯಿತು. ಅವನು ಸವಿದು ಉಂಡನು.

ಹುಳಿಸುವ ಕಾಲಕ್ಕೆ ಮಾತ್ರ ಒಂದೇ ನಿಯಮ ಸಾಲದು. ಚೈತ್ರದ ಆರಂಭದಲ್ಲಿ ಒಂದು ರಾತ್ರಿ ತಕ್ಕದ್ದಾದರೆ, ವೈಶಾಖದ ಸೆಕೆಯಲ್ಲಿ ಅಷ್ಟು ಬಿಟ್ಟರೆ ಹುಳಿ ಮೀರಿ ಜೋಳದ ಕಂಪನ್ನೇ ನುಂಗುವದು. ಆಗ ತಡರಾತ್ರಿ ಕಲಸಿ, ನಸುಕಿನಲ್ಲಿಯೇ ಒಲೆ ಹೊತ್ತಿಸಬೇಕು.